ಮೊದಲ ಉಡಿ

"ಹುಣಸಿಹಣ್ಣು ಹಚ್ಚಿ ತಿಕ್ಕಿದ್ರೂ ಹೋಗವಲ್ದಲ್ಲೋ ಯಪ್ಪಾ," ಎಂದಳು ಪಕ್ಕದ ಮನೆಯ ಲಾಡಬಿ.

ಅಂಗಳದಲ್ಲಿ ದುರಗವ್ವನ ಹೆಣಕ್ಕೆ ನೀರು ಹಾಕುತ್ತಿದ್ದರು. ಮಗ ಮುತ್ತುರಾಜ ಹಳೆಯ ಸೀರೆಯೊಂದನ್ನು ಮರೆ ಹಿಡಿದು, ಮುಖ ಆಚೆ ತಿರುಗಿಸಿ ನಿಂತಿದ್ದ. ಹೋಗದೆ ಉಳಿದದ್ದು ಅವ್ವನ ಬೆರಳ ತುದಿಯ ಕಪ್ಪು. ಕಡಲೆಯ ಕುಡಿ ಚಿವುಟಿ ಚಿವುಟಿ ಅದರ ಹುಳಿ ಚರ್ಮದೊಳಕ್ಕೇ ಇಳಿದಿತ್ತು.

"ಬಿಡಬೇ ಚಿಗವ್ವ. ಅದು ನೀರಿಗೆ ಹೋಗೂದಲ್ಲ. ಮತ್ತ ಕೇಳು, ನಾ ಅವ್ವನ್ನ ಮಣ್ಣಿಗೆ ಕೊಡೂದಿಲ್ಲ. ಇಳಕಲ್ ದವಾಖಾನಿಗೆ ಒಯ್ತೇನಿ. ಕೊಯ್ದು ನೋಡ್ಲಿ."

"ಹುಚ್ಚಗಿಚ್ಚ ಹಿಡದೈತೇನೋ? ಹಡದಾಕಿನ್ನ ಕೊಯ್ಸ್ತೀಯಾ?"

"ಅಂದಾನಪ್ಪ ಸಾವಕಾರ ನಿನ್ನಿ ಮುಂಜಾನೆ ಕಡ್ಲಿಗೆ ಔಷಧ ಹೊಡಸ್ಯಾನ. ಡ್ರೋನ್ ಹಾರಿಸಿದಾಂವ ಇವತ್ತ ಊರಿಗೆ ಬರೂಮುಂದ ಬಸ್ಸಿನ್ಯಾಗ ನನ್ನ ಮುಂದ ಹೇಳಿದ. ಸೊಪ್ಪು ಮುಟ್ಟಬ್ಯಾಡ್ರಿ ಅನ್ನೂ ಗುರ್ತಿಗೆ ಕೋಲಿಗೆ ಬಿಳಿ ಅರಿವಿ ಕಟ್ಟಿ ಬದುವಿಗೆ ನಡಬೇಕಿತ್ತೋ ಇಲ್ಲೋ? ನಟ್ಟಾನೇನು?"

ಲಾಡಬಿ ಮತ್ತೊಂದು ತಂಬಿಗೆ ನೀರು ಸುರಿದಳು.

*

ಸಂಕ್ರಾಂತಿ ಮುಗಿದಿತ್ತು. ಊರ ಕಡಲೆಯೆಲ್ಲ ಕಾಯಿಗಟ್ಟಿ ಸೊಪ್ಪು ಬಿರುಸಾಗಿತ್ತು. ತಡವಾಗಿ ಬಿತ್ತಿದ ಅಂದಾನಪ್ಪನ ಹೊಲಗಳಲ್ಲಿ ಮಾತ್ರ ಇನ್ನೂ ಎಳೆ ಕುಡಿ. ದುರಗವ್ವ ಮೂವತ್ತು ವರ್ಷ ಅವನ ಹೊಲದಲ್ಲಿ ಬಗ್ಗಿದವಳು. ಕುಡಿ ಚಿವುಟಿದರೆ ಗಿಡ ಕವಲೊಡೆದು ಕಾಯಿ ಹೆಚ್ಚು ಬಿಡುತ್ತದೆ. ಆ ಕೆಲಸಕ್ಕೆ ಕೂಲಿ ಎಂದರೆ ಸೊಪ್ಪೇ. ಅದರಲ್ಲೂ ಸೆರಗಿಗೆ ಕಟ್ಟಿದ ಮೊದಲ ಉಡಿ ಸಾವಕಾರರ ಮನೆಗೆ, ಎರಡನೆಯದು ತನಗೆ. "ಆಕಿ ಸಂಸಾರ ನಡದದ್ದ ನಮ್ಮ ಸೊಪ್ಪಿನ ಮ್ಯಾಲೆ," ಎಂದು ಅಂದಾನಪ್ಪ ಕಟ್ಟೆಗೆ ಕೂತು ಹೇಳುವುದು ಬೇರೆ.

ನಿನ್ನೆ ಸಂಜೆ ಅವಳು ಉಡಿ ಬಿಚ್ಚಿ ಸೊಪ್ಪನ್ನು ನೇರ ಗಡಿಗೆಗೆ ಸುರಿದಳು. ಮೇಲೆ ಜೋಳದ ನುಚ್ಚು, ಹಸಿಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ.

"ಒಂದು ನೀರಾಗರ ತೊಳಿಬೇ," ಎಂದ ಮುತ್ತುರಾಜ.

"ಕಡ್ಲಿಸೊಪ್ಪು ಯಾರರ ತೊಳಿತಾರೇನೋ? ತೊಳದ್ರ ಹುಳಿ ಹೋಗಿ ಹುಲ್ಲು ತಿಂದಂಗ ಆಕ್ಕೈತಿ. ಇಳಕಲ್ಲಾಗ ಕಲ್ಲಿಗೆ ಪಾಲಿಶ್ ಹೊಡದು ಹೊಡದು ನಿನಗ ಎಲ್ಲಾನೂ ತೊಳಿಬೇಕ ಅನಸ್ತೈತಿ ನೋಡು."

ಅವನು ನಕ್ಕ. "ಸಾವಕಾರ್ತಿ ಏನಂದ್ಲು?"

"ಶಿವಬಸವ್ವನೇನು? ಯಾಕೋ ಮಾತs ಆಡ್ಲಿಲ್ಲ. ಬುಟ್ಟ್ಯಾಗ ಹಾಕಿಸ್ಕೊಂಡು ಒಳಗ ಹೋದ್ಲು. ಮೈಯಾಗ ಆರಾಮಿಲ್ಲೋ ಏನೋ, ಪಾಪ."

ರಾತ್ರಿ ಪಾಳಿಯ ಬಸ್ಸಿಗೆ ಹೊತ್ತಾಗಿತ್ತು. "ನನ್ನ ಪಾಲಿಂದು ಇಟ್ಟಿರು," ಎಂದು ಅವನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟ.

ಬೆಳಿಗ್ಗೆ ಬಂದು ನೋಡಿದರೆ ಅವ್ವ ಬಾಯಲ್ಲಿ ನೊರೆ ಬಂದು ಒಲೆಯ ಮುಂದೆ ಬಿದ್ದಿದ್ದಳು. ಅವನ ಪಾಲು ಗಡಿಗೆಯಲ್ಲಿ ಮುಚ್ಚಿಟ್ಟಿತ್ತು. ಸತ್ತ ಮನೆಯಲ್ಲಿ ಮಾಡಿದ ಅಡುಗೆ ಇಡಬಾರದೆಂದು ಹೆಂಗಸರು ಅದನ್ನು ಹಳ್ಳಕ್ಕೆ ಸುರಿದು ಬಂದರು.

*

ಅಂದಾನಪ್ಪ ಬಂದ. ಹೆಣಕ್ಕೆ ಹೊದಿಸಲು ಹೊಸ ಸೀರೆ, ಕುಣಿ ತೋಡಲು ತನ್ನ ಮನೆಯ ಸಲಿಕೆ, ಎರಡನ್ನೂ ತಂದಿದ್ದ.

"ಔಷಧ ಹೊಡಸಿ ಸುಮ್ಮ ಕುಂತ್ರಲ್ರೀ ಸಾವಕಾರ್ರ," ಎಂದು ಮುತ್ತುರಾಜ ಅಡ್ಡ ನಿಂತ. "ಒಂದು ಮಾತು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

"ಹೊಡಸಿದ್ದು ಕೆಳಗಿನ ಹೊಲಕ್ಕಲೇ. ನಿಮ್ಮವ್ವ ಚೂಟಿದ್ದು ಮ್ಯಾಲಿನ ಹೊಲದಾಗ." ಅಂದಾನಪ್ಪ ದನಿ ತಗ್ಗಿಸಿದ. "ಮೊದಲನೇ ಉಡಿ ನಮ್ಮ ಮನಿಗೆ ಬಂತಲ್ಲಪಾ? ನಿನ್ನಿ ನಾವೂ ಅದನ್ನs ಉಂಡೇವಿ. ತೊಳಿಯದs ಉಂಡೇವಿ. ಇಕಾ, ನಿನ್ನ ಮುಂದ ನಿಂತಿಲ್ಲೇನು ನಾ?"

ಕೂಡಿದ ಜನ ತಲೆಯಾಡಿಸಿದರು.

"ಖರೆ ಐತಿ ಬಿಡು. ವಯಸ್ಸೂ ಆಗಿತ್ತು ಮುದುಕಿಗೆ."

"ಏಳನೇ ಕ್ಲಾಸಿನ್ಯಾಗ ಸಾಲಿ ಬಿಟ್ಟಾಂವ ಈಗ ಡಾಕ್ಟರ್ ಆಗ್ಯಾನ," ಎಂದು ಯಾರೋ ಹಿಂದಿನಿಂದ ಕಿಸಕ್ಕೆಂದರು.

ಲಾಡಬಿ ಹತ್ತಿರ ಬಂದು ತೋಳು ಹಿಡಿದಳು. "ಅವರೂ ಉಂಡಾರಂತ ಮಗಾ. ಇನ್ನ ಸಾಕ್ ಮಾಡು. ಆಕಿನ್ನ ಕೊಯ್ಸಬ್ಯಾಡ."

ಸುಳ್ಳೇ ಒಬ್ಬರ ಮೇಲೆ ಹೊರಿಸಿದೆನಲ್ಲ ಎಂದು ಮುತ್ತುರಾಜನಿಗೆ ನಾಚಿಕೆಯಾಯಿತು. ಸಲಿಕೆ ಇಸಿದುಕೊಂಡ. ಎದೆಮಟ್ಟ ಕುಣಿ ತಾನೇ ತೋಡಿದ. ಹೊಸ ಸೀರೆಯಿಂದ ಹೊರಗುಳಿದಿದ್ದ ಆ ಕಪ್ಪು ಬೆರಳುಗಳ ಮೇಲೆ ಮೊದಲ ಹಿಡಿ ಮಣ್ಣು ತಾನೇ ಹಾಕಿದ. ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು.

ಸಲಿಕೆ ತೊಳೆದು, ಮುಟ್ಟಿಸಿ ಬರೋಣವೆಂದು ಸಾವಕಾರರ ಮನೆಗೆ ಹೋದ. ಅವನ ಓಣಿಯವರಿಗೆ ಆ ಮನೆಯ ದಾರಿ ಎಂದರೆ ಹಿತ್ತಲೇ. ಶಿವಬಸವ್ವ ಹಿಂಬಾಗಿಲಲ್ಲಿ ನಿಂತಿದ್ದಳು. ಅವನನ್ನು ನೋಡಿದವಳೇ ಒಳಗೆ ಸರಿದು ಅಗಳಿ ಹಾಕಿಕೊಂಡಳು.

ಸಲಿಕೆ ಎಲ್ಲಿಡಲಿ ಎಂದು ಅವನು ಸುತ್ತ ನೋಡಿದ.

ತಿಪ್ಪೆಯ ಮೇಲೆ ಕಡಲೆಸೊಪ್ಪು ಬಿದ್ದಿತ್ತು. ಒಂದು ಉಡಿಯಷ್ಟು. ಬಾಡಿತ್ತು, ಆದರೆ ಒಂದು ಕುಡಿಯೂ ಕಡಿಮೆಯಾದಂತೆ ಕಾಣಲಿಲ್ಲ. ಗೂಟದ ಎಮ್ಮೆ ಅದರತ್ತ ಕತ್ತು ಚಾಚಿ ನಾಲಿಗೆ ಹೊರಹಾಕುತ್ತಿತ್ತು. ಗೇಣಷ್ಟು ದೂರ ಉಳಿಯುತ್ತಿತ್ತು. ಅದರ ಹಗ್ಗಕ್ಕೆ ಯಾರೋ ಹೊಸದಾಗಿ ಎರಡು ಗಂಟು ಹಾಕಿ ಗಿಡ್ಡ ಮಾಡಿದ್ದರು.