ಟೀಚರ ಪಿಯಾನೋ

"ಬಲಗಡೆಯಿಂದ ಎತ್ತಬೇಡಿ ಮಾರಾಯ್ರೆ, ಆ ಕಾಲು ಸಡಿಲ ಉಂಟು," ಎನ್ನುತ್ತ ಅಚ್ಚುತ ಜಗಲಿ ಹತ್ತಿದ. ಒಳಗೆ ಮೂವರು ಪಿಯಾನೋಗೆ ಹೆಗಲು ಕೊಟ್ಟು ಬೆವರುತ್ತಿದ್ದರು. ಶಂಕರಿ ಟೀಚರ ದೇಹ ಹೊತ್ತ ಆಂಬುಲೆನ್ಸ್ ಪುತ್ತೂರಿನಿಂದ ಹೊರಟಾಗಿತ್ತು. ಮಲಗಿಸಲು ಈ ಕೋಣೆ ಬಿಟ್ಟರೆ ಬೇರೆ ಜಾಗವಿರಲಿಲ್ಲ.

ಅಚ್ಚುತ ಪಿಯಾನೋದ ಕಾಲುಗಳ ಕೆಳಗೆ ಗೋಣಿ ತೂರಿಸಿದ. "ಈಗ ದೂಡಿ. ಮೆಲ್ಲ."

ಪಿಯಾನೋ ಗೋಡೆಯ ಬದಿಗೆ ಸರಿಯಿತು.

"ಇದನ್ನು ತೋಡು ದಾಟಿಸಿ ತಂದದ್ದು ನೀವೇ ಅಲ್ವಾ ಅಚ್ಚುತಣ್ಣ?" ಟೀಚರ ತಮ್ಮ ಸುದರ್ಶನ ಕೇಳಿದ.

"ಎಂಟು ಜನ ಇದ್ದೆವು," ಎಂದ ಅಚ್ಚುತ. ಗೋಣಿಯನ್ನು ಎಳೆದು ಮಡಚತೊಡಗಿದ.

*

ಹದಿನಾಲ್ಕು ವರ್ಷದ ಹಿಂದೆ, ಶಾಲೆಯಿಂದ ನಿವೃತ್ತರಾದ ಟೀಚರು ಪುತ್ತೂರಿನ ಬಾಡಿಗೆ ಮನೆ ಬಿಟ್ಟು ಜಾಲ್ಸೂರಿನ ಬಳಿಯ ಈ ಸಣ್ಣ ಮನೆಗೆ ಬಂದರು. ಸಾಮಾನು ಸಾಗಿಸುವವರು ದಾರಿ ನೋಡಿದ್ದೇ, ಪಿಯಾನೋ ನಮ್ಮಿಂದಾಗದು ಎಂದು ಹಿಂದಿರುಗಿದ್ದರು. ವಾಹನ ತೋಡಿನವರೆಗೆ ಮಾತ್ರ. ಮುಂದೆ ನೀರಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ, ಅದು ದಾಟಿದರೆ ಏರು. ಅಚ್ಚುತ ತನ್ನ ಪಿಕಪ್ಪಿನಲ್ಲಿ ಅದನ್ನು ತೋಡಿನವರೆಗೆ ತಂದ. ಮೇದಪ್ಪ, ಮಿದ್ಲಾಜ್, ನೆರೆಕರೆಯ ಇನ್ನೈದು ಜನ ಸೇರಿ ಬಿದಿರಿಗೆ ಹಗ್ಗ ಬಿಗಿದು ಹೊತ್ತರು.

ಸಂಕದ ನಡುವೆ ಬಿದಿರು ಕಿರುಗುಟ್ಟಿತು. ಆಚೆ ದಡದಲ್ಲಿದ್ದ ಟೀಚರು, "ಬಿಟ್ಟುಬಿಡಿ, ಬೀಳಲಿ. ನಿಮಗೆಂತಾದ್ರೂ ಆದ್ರೆ ನಾನು ಎಂತ ಮಾಡುದು?" ಎಂದರು. ಯಾರೂ ಬಿಡಲಿಲ್ಲ.

ಏರಿನ ಕೊನೆಯ ಮೆಟ್ಟಿಲಲ್ಲಿ, ಇನ್ನೇನು ಮುಗಿಯಿತು ಎನ್ನುವಾಗ, ಅಚ್ಚುತ ಯಾರಿಗೂ ಹೇಳದೆ ಹೆಗಲು ಬದಲಿಸಹೋದ. ಪಿಯಾನೋದ ಮೂಲೆ ಮೆಟ್ಟಿಲ ಮುರಕಲ್ಲಿಗೆ ಬಡಿಯಿತು. ಒಳಗೆ ಒಣ ಪುಳ್ಳಿಕಡ್ಡಿ ಮುರಿದಂತೆ ಲಟ್ಟೆಂದದ್ದು ಅವನ ಕಿವಿಗೆ ಮಾತ್ರ ಬಿತ್ತು.

"ಪೆಟ್ಟಾಯ್ತಾ?" ಟೀಚರು ಕೇಳಿದರು.

"ಇಲ್ಲ ಟೀಚರೆ. ಎಂತ ಆಗ್ಲಿಲ್ಲ."

ಆ ಸಂಜೆ ಅವರು ನುಡಿಸಿದಾಗ ನಡುವಿನ ಒಂದು ಕೀಲಿ ಮೂಕವಾಗಿತ್ತು. ಎರಡು ಸಲ ಒತ್ತಿ ನೋಡಿದರು. "ಥಂಡಿಗೆ ಹೀಗಾಗ್ತದೆ," ಎಂದು ಎಲ್ಲರಿಗೂ ಕಾಫಿ ಕೊಟ್ಟರು.

ಆಮೇಲೆ ಊರ ಮಕ್ಕಳು ಕಲಿಯಲು ಬಂದರು. ಆ ಮೂಕ ಕೀಲಿಯ ಸ್ವರ ಬಂದಲ್ಲೆಲ್ಲ ಟೀಚರು ಬಾಯಲ್ಲೇ ಹಾಡಿ ತುಂಬುತ್ತಿದ್ದರು. ಅಚ್ಚುತನ ಮೊಮ್ಮಗಳು ಭವಿತಾ ಕಲಿತದ್ದೂ ಹಾಗೆಯೇ. ಮನೆಯಲ್ಲಿ ಅವಳು ಮೇಜಿನ ಮೇಲೆ ಬೆರಳಾಡಿಸುತ್ತ ಆ ಒಂದೇ ಸ್ವರವನ್ನು ಗುನುಗಿದಾಗೆಲ್ಲ ಅಚ್ಚುತ ಎದ್ದು ಅಂಗಳಕ್ಕೆ ಹೋಗುತ್ತಿದ್ದ.

*

ಸುದರ್ಶನ ಕೊಳ್ಳಿಯಿಟ್ಟು, ಜನ ಚದುರುವಾಗ ಮಧ್ಯಾಹ್ನ ಮೂರು ಗಂಟೆ. ಹೊರಟಿದ್ದ ಅಚ್ಚುತನನ್ನು ಟೀಚರ ಮಗಳು ಅನಘಾ ಅಂಗಳದ ತುದಿಯಲ್ಲಿ ನಿಲ್ಲಿಸಿದಳು.

"ಮಾಮ, ಪಿಯಾನೋ ಭವಿತಾಳಿಗೆ. ಅಮ್ಮ ಆಸ್ಪತ್ರೆಯಲ್ಲಿ ಹೇಳಿದ್ದು."

"ಬೇಡ ಮಗಾ." ಅವನು ನೆಲ ನೋಡಿದ. "ಅದನ್ನು ಹಾಳು ಮಾಡಿದ್ದು ನಾನು. ಥಂಡಿ ಅಲ್ಲ. ಆ ದಿನ ನನ್ನ ಹೆಗಲು ತಪ್ಪಿತು. ಹೇಳ್ಬೇಕು ಹೇಳ್ಬೇಕು ಅಂತಲೇ ಇಷ್ಟು ವರ್ಷ ಹೋಯ್ತು."

"ಅಮ್ಮನಿಗೆ ಗೊತ್ತಿತ್ತು."

ಅವನು ತಲೆಯೆತ್ತಿದ.

"ಮರುವರ್ಷವೇ ಮಂಗಳೂರಿಂದ ರಿಪೇರಿಯವರು ಬಂದಿದ್ರು. ಪೆಟ್ಟು ಬಿದ್ದು ಆದದ್ದು, ಒಂದು ಗಂಟೆಯ ಕೆಲಸ ಅಂದ್ರು. ಅಮ್ಮ ಬೇಡ ಅಂದಳು. ಸರಿ ಮಾಡಿಸಿದ್ರೆ, ನನಗೆ ಗೊತ್ತಾಯ್ತು ಅಂತ ಅಚ್ಚುತನಿಗೆ ಗೊತ್ತಾಗ್ತದೆ, ಮತ್ತೆ ಅವ ಈ ಕಡೆ ಬರುದಿಲ್ಲ ಅಂತ."

ಅಚ್ಚುತ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿದ. ತುಸು ಹೊತ್ತು ಅದನ್ನು ಮುಖದಿಂದ ತೆಗೆಯಲೇ ಇಲ್ಲ.

"ಯಾವಾಗ ತಕೊಂಡು ಹೋಗುದು?" ಕೊನೆಗೆ ಕೇಳಿದ.

"ಕ್ರಿಯೆ ಎಲ್ಲ ಮುಗೀಲಿ ಮಾಮ."

ಮನೆಗೆ ಬಂದವನು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಹೊಸ್ತಿಲಲ್ಲಿ ನಿಂತು ಬಾಗಿಲಿನ ಅಗಲವನ್ನು ಗೇಣು ಹಾಕಿ ಅಳೆದ. ಮತ್ತೊಮ್ಮೆ ಅಳೆದ. ಪಿಯಾನೋಗೆ ಸಾಲದು. ಹೆಂಡತಿ ತಿಮ್ಮಕ್ಕ ಕಾಫಿ ಹಿಡಿದು ಬರುವಷ್ಟರಲ್ಲಿ ಬಾಗಿಲು ಕಳಚಿ ಅಂಗಳದಲ್ಲಿ ಮಲಗಿತ್ತು. ಅವನು ಹಾರೆಯ ತುದಿಯನ್ನು ಬಾಗಿಲ ಚೌಕಟ್ಟಿನ ದಾರಂದಕ್ಕೂ ಗೋಡೆಗೂ ನಡುವೆ ತೂರಿಸಿ, ಎರಡೂ ಕೈಯಿಂದ ಮೀಟುತ್ತಿದ್ದ.