ಲಿಯಾಕತ್ ಅಲಿ ಕೊಟ್ಟ ಸ್ಟ್ಯಾಂಡುಗಳು

ತಿಥಿಯ ಮರುದಿನ ಬೆಳಿಗ್ಗೆ ಮನೆಯಲ್ಲಿ ನೆಂಟರಿರಲಿಲ್ಲ. ಅತ್ತೆ ಹಾಲು ಕಾಯಿಸಿದರು, ನಾನು ಅಂಗಳ ಗುಡಿಸಿದೆ. ಕಾರಿನ ಸುತ್ತ ಮಾತ್ರ ಗುಡಿಸಲಿಲ್ಲ. ಅಲ್ಲಿ ಮಗುಚಿದ ಬಾಂಡ್ಲಿ, ಆಯಿಲ್ ಕಲೆ, ಸೀಳಿದ ತೆಂಗಿನ ಮರದ ತುಂಡು ಹಾಗೇ ಬಿದ್ದಿದ್ದವು.

ಎಂಟು ಗಂಟೆಗೆ ಗಂಡನ ಅಣ್ಣ ರಾಜಣ್ಣ ಒಂದು ಕಾಗದ ತಂದರು. ತಿಪಟೂರಿನ ಮೆಕ್ಯಾನಿಕ್ ಲಿಯಾಕತ್ ಅಲಿ ಕಾರಿನಡಿ ಆನಿಕೆಗೆಂದು ಕೊಟ್ಟ ಕಬ್ಬಿಣದ ಸ್ಟ್ಯಾಂಡ್ ಮುರಿದು, ಕಾರು ಮೈಮೇಲೆ ಬಿದ್ದು ತಮ್ಮ ಸತ್ತನೆಂದು ಪೊಲೀಸರಿಗೆ ಬರೆದ ದೂರು. ಊರಿಗೆಲ್ಲ, ತಿಪಟೂರಿನಲ್ಲೂ ಹಾಗೇ ಹೇಳಿಯಾಗಿತ್ತು. ನನ್ನ ಸಹಿ ಬಾಕಿ.

ಸ್ಟ್ಯಾಂಡ್ ಹಾಕಿರಲೇ ಇಲ್ಲ ಎಂದೆ.

"ಸತ್ತೋನ್ನ ದಡ್ಡ ಅನ್ನಿಸ್ಬೇಡ ಕಣಮ್ಮ," ಎಂದರು.

ದಡ್ಡನೇ ನನ್ನ ಗಂಡ. ಪಂಪ್‌ಸೆಟ್ಟಿನ ಅಡಿಗೂ, ಕಾಲುವೆ ದಾಟುವುದಕ್ಕೂ ನಮ್ಮಲ್ಲಿ ತೆಂಗಿನ ತುಂಡೇ. ಕಾರಿಗೂ ಅದನ್ನೇ ಕೊಟ್ಟ. ಹೊರಗೆ ಕಬ್ಬಿಣದಂತಿತ್ತು, ಒಳಗೆ ಕೊಳೆತಿತ್ತು. ಸ್ಟ್ಯಾಂಡ್ ಹಾಕೆಂದು ಎರಡು ಸಲ ಹೇಳಿದೆ. "ಹತ್ತು ನಿಮಿಷದ ಕೆಲ್ಸ, ಬುಡು ಕಣೇ," ಎಂದ. ಆಯಿಲ್ ಇಳಿಸಿದ. ಬಿಗಿದುಕೊಂಡಿದ್ದ ಆಯಿಲ್ ಫಿಲ್ಟರನ್ನು ಎರಡೂ ಕೈಯಲ್ಲಿ ಜಗ್ಗಿದ. ತುಂಡು ಸೀಳಿತು. ಇವತ್ತಿಗೂ ನನಗೆ ಅಳು ಬಂದಿಲ್ಲ. ಅವನು ಸಿಕ್ಕರೆ ಬಯ್ಯಬೇಕು.

ಕೊಬ್ಬರಿ ಅಟ್ಟದ ಏಣಿಯ ಹಿಂದಿದ್ದ ಗೋಣಿಚೀಲವನ್ನು ಎಳೆದು ತಂದು ರಾಜಣ್ಣನವರ ಕಾಲ ಬಳಿ ಹಾಕಿದೆ. ಲಿಯಾಕತ್ ಅಲಿ ಸ್ಟ್ಯಾಂಡುಗಳನ್ನು ಅದರಲ್ಲಿ ಹಾಕಿ, ಬಾಯಿಗೆ ವೈರು ಸುತ್ತಿ ತಿರುಚಿ ಕೊಟ್ಟಿದ್ದರು. ಅದು ಹಾಗೇ ಇತ್ತು.

"ಬಿಚ್ಚಿ ಭಾವ."

ಅವರು ಮುಟ್ಟಲಿಲ್ಲ. ನಾನೇ ಕಟಿಂಗ್ ಪ್ಲೇಯರ್ ತಂದು ಕತ್ತರಿಸಿದೆ.

ಹ್ಯಾಂಡ್‌ಬ್ರೇಕ್ ಎಳೆದೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಮುಂಭಾಗವನ್ನು ಒಂದೊಂದೇ ಬದಿ ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡ್ ಕೂರಿಸಿ, ಭಾರವನ್ನು ಅದರ ಮೇಲೆ ಬಿಟ್ಟು, ಕಾರನ್ನು ಭುಜದಿಂದ ನೂಕಿ ನೋಡಿದೆ. ಅಲುಗಲಿಲ್ಲ. ಲಿಯಾಕತ್ ಅಲಿ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿಕೊಟ್ಟದ್ದು ಇಷ್ಟೇ. ಅತ್ತೆ ಬೇಡವೆಂದು ಸೆರಗು ಹಿಡಿದು ಜಗ್ಗಿದರು. ಬಿಡಿಸಿಕೊಂಡು ಕಾರಿನ ಕೆಳಗೆ ಹೋದೆ.

ಫಿಲ್ಟರಿಗೆ ಬೆಲ್ಟ್ ಸುತ್ತಿ ತಿರುಗಿಸಿದೆ, ಬಂತು. ಅವನು ತಂದಿಟ್ಟಿದ್ದ ಹೊಸ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ ಕೈಯಲ್ಲೇ ಬಿಗಿದೆ. ಆಯಿಲ್ ಇಳಿಸುವ ಕೆಳಗಿನ ನಟ್ಟನ್ನೂ ಬಿಗಿದೆ. ಕಾರು ಇಳಿಸಿ ಹೊಸ ಆಯಿಲ್ ಹುಯ್ದು, ಕಡ್ಡಿಯಲ್ಲಿ ಅಳತೆ ನೋಡಿ, ಸ್ಟಾರ್ಟ್ ಮಾಡಿ ಬಗ್ಗಿ ನೋಡಿದೆ. ಎಲ್ಲೂ ಸೋರಲಿಲ್ಲ. ನಿಜಕ್ಕೂ ದೊಡ್ಡ ಕೆಲಸವಲ್ಲ. ಅದೇ ಇನ್ನಷ್ಟು ಸಿಟ್ಟು ತರಿಸಿತು.

"ಜನಕ್ಕೆ ನಾನೇನು ಹೇಳ್ಲಿ ಈಗ?" ಎಂದರು ರಾಜಣ್ಣ.

ಅವರ ಕೈಯಿಂದ ದೂರಿನ ಕಾಗದ ತೆಗೆದುಕೊಂಡು ಅದರಲ್ಲೇ ಕೈಯ ಆಯಿಲ್ ಒರೆಸಿಕೊಂಡೆ.

ಸ್ಟ್ಯಾಂಡುಗಳನ್ನು ತೆಗೆದುಕೊಂಡು ತಿಪಟೂರಿಗೆ ಹೋದೆ. ಲಿಯಾಕತ್ ಅಲಿಯವರ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ನನ್ನನ್ನು ಕಂಡು ಅವರು ಎದ್ದು ನಿಂತರು. ಎದುರಿನ ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಇತ್ತ ತಿರುಗಿದರು. ಅವರಿಗೂ ಕೇಳುವಂತೆ ಹೇಳಿದೆ:

"ನಮ್ಮನೆಯವರು ಇವನ್ನ ಚೀಲದಿಂದ ತೆಗೀಲೇ ಇಲ್ಲ. ಇವತ್ತು ನಾನು ಹಾಕಿದ್ದೆ. ಗಟ್ಟಿಯಾಗಿವೆ."

"ನಾನೇ ಬಂದು ಹಾಕಿಕೊಡ್ಬೇಕಿತ್ತು ಕಣಮ್ಮ."

"ನೀವ್ಯಾಕೆ ಬರ್ಬೇಕಿತ್ತು?" ನನ್ನ ದನಿ ಏರಿತು. "ಅವರಿಗೇನು ಕೈ ಇರಲಿಲ್ವಾ?"

ನಾನು ಶಟರನ್ನು ಪೂರ್ತಿ ಮೇಲಕ್ಕೆ ತಳ್ಳಿ, ಎರಡೂ ಸ್ಟ್ಯಾಂಡ್ ಒಳಗಿಟ್ಟೆ.