ಒದ್ದೆ ಸೀರೆ

"ನೀನು ತೊಳೆದ ಪಾತ್ರೆ ನೀನೇ ಒಳಗೆ ತರಬೇಡ ಅಂತ ಎಷ್ಟು ಸಲ ಬಡ್ಕೋಬೇಕೇ, ದರಿದ್ರ ಮುಂಡೆ? ಇವತ್ತು ಪೂಜೆ ಬೇರೆ."

ಮಾದಮ್ಮ ಕೆಳಗಿಟ್ಟ ಪಾತ್ರೆಗಳ ಮೇಲೆ ಮನೆಯೊಡತಿ ಶರ್ಮಿಳಾ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡಳು.

ಮಾದಮ್ಮ ಬಟ್ಟೆ ಒಗೆಯುವ ಲಾಂಡ್ರಿ ಕೋಣೆಗೆ ಸರಿದಳು. ಮೆಲ್ಬರ್ನಿನಿಂದ ಒಂದು ಹಗಲಿನ ಕಾರು ದಾರಿಯ ಲಿವರ್‌ಪೂಲಿನ ಆ ಮನೆಯಲ್ಲಿ ಅವಳ ತಟ್ಟೆ, ಲೋಟ, ಹಾಸಿಗೆ ಎಲ್ಲ ಅಲ್ಲೇ. ಕೂಸು ನೋಡಿಕೊಳ್ಳಲು ಅವಳನ್ನು ಮೈಸೂರಿನಿಂದ ಕರೆತಂದಿದ್ದರು. ಕೂಸು ಶಾಲೆಗೆ ಹೋಗುವಷ್ಟು ದೊಡ್ಡದಾದರೂ ವಾಪಸ್ಸು ಕಳಿಸಿರಲಿಲ್ಲ. ಅವಳ ಪಾಸ್‌ಪೋರ್ಟು ಯಜಮಾನ ತ್ರಿವಿಕ್ರಮನ ಬೀರುವಿನಲ್ಲಿತ್ತು; ಊರಿನ ಫೋನು ಬರುತ್ತಿದ್ದುದೂ ಅವನ ಮೊಬೈಲಿಗೇ. ಅವ್ವ ಹಾಸಿಗೆ ಹಿಡಿದಿದ್ದಾಳೆಂದು ತಿಳಿದಾಗಿನಿಂದ ಮಾದಮ್ಮ ದಿನವೂ ಕೇಳುತ್ತಿದ್ದಳು. ಪೂಜೆ ಮುಗಿಯಲಿ, ಟಿಕೆಟ್ ಬುಕ್ ಮಾಡ್ತೀನಿ ಎನ್ನುತ್ತಿದ್ದ ಅವನು.

ಯಜಮಾನನ ಹಿರಿಯ ಮಗಳು ಚಿನ್ಮಯಿ ತನ್ನ ಮಗ್ಗಿನಲ್ಲೇ ಟೀ ತಂದುಕೊಟ್ಟಳು. ಅಮ್ಮನ ಕಣ್ಣು ತಪ್ಪಿಸಿ ಆಗಾಗ ತರುತ್ತಿದ್ದಳು. ಬಟ್ಟೆಬುಟ್ಟಿಯ ಮೇಲೆ ಕೂತು, ನಾಳೆ ಶಾಲೆಯಲ್ಲಿ ಮಾಡಬೇಕಾದ ಭಾಷಣ ಒಪ್ಪಿಸಿ, ತನಗೆ ಬಂದ ಕನ್ನಡದಲ್ಲಿ ವಿವರಿಸಿದಳು. ಅಮೆರಿಕದ ಥ್ಯಾಡಿಯಸ್ ಸ್ಟೀವನ್ಸ್, ಹುಟ್ಟಿನಿಂದಲೇ ಕಾಲು ಊನ. ಗುಲಾಮರನ್ನೆಲ್ಲ ಬಿಡಿಸಬೇಕೆಂದು ಅಲ್ಲಿನ ಸಂಸತ್ತಿನಲ್ಲಿ ಹೋರಾಡಿದವನು.

"ಬ್ಲ್ಯಾಕ್ ಜನಾನ ಸೇರಿಸ್ದೇ ಇರೋ ಸ್ಮಶಾನ ಬೇಡ ಅಂದ. ಎಲ್ರನ್ನೂ ಸೇರಿಸೋ ಕಡೆನೇ ಅವನ ಗ್ರೇವ್ ಇದೆ."

"ಸತ್ ಮ್ಯಾಲೂ ಜೊತೇಲೇ ಮನಗವ್ನಾ? ನಮ್ಮೂರಲ್ಲಿ ನಮ್ಮೋರ್‌ನೆಲ್ಲ ಕೆರೆ ಆಚೆ ಹೂಳದು ಕನವ್ವ." ಮಾದಮ್ಮ ಟೀ ಗುಟುಕರಿಸಿದಳು. "ನಮ್ಮವ್ವ ಹೆಂಗವ್ಳಂತೆ? ನಿಮ್ಮಪ್ಪಾರು ಏನಾರ ಅಂದ್ರಾ?"

ಹುಡುಗಿ ವಾಷಿಂಗ್ ಮೆಷಿನ್ನಿನ ಕಡೆ ಮುಖ ತಿರುಗಿಸಿದಳು.

"ಸಾರಿ, ಮಾದಮ್ಮ. ಅವ್ರು ಲಾಸ್ಟ್ ವೀಕೇ ಹೋಗ್ಬಿಟ್ರು. ಪೂಜೆ ಆಗೋವರ್ಗೂ ಹೇಳ್ಬಾರ್ದು ಅಂದ್ರು ಅಮ್ಮ."

ಮಾದಮ್ಮ ಮಗ್ಗು ಕೆಳಗಿಟ್ಟಳು. ಆಮೇಲೆ ಸೆರಗಿನಿಂದ ಹುಡುಗಿಯ ಕೆನ್ನೆ ಒರೆಸಿ, ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟಳು. ಜೂನ್ ತಿಂಗಳು, ಅಲ್ಲಿ ಚಳಿಗಾಲ. ಸಾವಿನ ಸುದ್ದಿ ಕೇಳಿದವರು ಮಾಡುವಂತೆ, ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದುಕೊಂಡಳು.

ಹಾಲ್‌ನಲ್ಲಿ ಸತ್ಯನಾರಾಯಣನ ಕಥೆ ನಡೆದಿತ್ತು. ಒದ್ದೆಗೂದಲು ಇಳಿಬಿಟ್ಟು ಅವಳು ಒಳಗೆ ಬಂದಾಗ ಮೆಲ್ಬರ್ನಿನಿಂದ ಬಂದಿದ್ದ ನೆಂಟರು ಕಾಲು ಹಿಂದಕ್ಕೆಳೆದುಕೊಂಡರು.

"ನಮ್ಮವ್ವ ಮಣ್ಣಾದ್ಲು. ನನ್ ಪಾಸ್‌ಪೋರ್ಟ್ ಕೊಡಿ ಬುದ್ಧಿ."

ಆಮೇಲೆ ಮಾತಾಡೋಣ, ಮೊದಲು ಹೊರಗೆ ನಡಿ ಎಂದ ತ್ರಿವಿಕ್ರಮ, ನೆಂಟರಿಗೆ ಕೇಳಿಸದಂತೆ. ಶರ್ಮಿಳಾ ಹಲ್ಲು ಕಚ್ಚಿ ಬೈದಳು.

ಮಾದಮ್ಮ ಮಂಟಪದ ಮುಂದೆ ಕೂತುಬಿಟ್ಟಳು. ಸೀರೆಯಿಂದ ಇಳಿದ ನೀರಿಗೆ ರಂಗೋಲಿ ಕದಡಿತು. ಪುರೋಹಿತರು ಕಥೆ ನಿಲ್ಲಿಸಿದರು. ಎಬ್ಬಿಸಿ, ಎಬ್ಬಿಸಿ ಎಂದು ಎಲ್ಲರೂ ಒಬ್ಬರಿಗೊಬ್ಬರು ಹೇಳತೊಡಗಿದರು.

ಎಬ್ಬಿಸಬೇಕಾದರೆ ಅವಳನ್ನು ಮುಟ್ಟಬೇಕಿತ್ತು.